ಗಾದಿ, ಶಾಮಿಯಾನ ಮತ್ತು ಒಂದೇ ಒಂದು ಖಾನೆ

ಬೇರೆಯವರ ಕಸುಬು ಯಾವುದೆಂದು ನಿರ್ಧರಿಸುವುದೇ ನನ್ನ ಕಸುಬು. ಹೀಗೆಂದರೆ ಕೇಳಿದವರು ನನ್ನ ಮುಖವನ್ನೊಮ್ಮೆ ನೋಡಿ, ‘ಅವರವರ ಕಸುಬು ಅವರವರಿಗೆ ಗೊತ್ತಿರುವುದಿಲ್ಲವೇ?’ ಎನ್ನುತ್ತಾರೆ. ಗೊತ್ತಿರುತ್ತದೆ. ಆದರೆ ಸರ್ಕಾರಕ್ಕೆ ಗೊತ್ತಿರುವುದಿಲ್ಲ. ಅದಕ್ಕೆ ಗೊತ್ತು ಮಾಡಿಕೊಡಲೆಂದು ಗೋಕಾಕದಲ್ಲಿ ಉದ್ದಿಮೆಗಳ ಗಣತಿ ಮಾಡುವ ಒಂದು ಸರ್ಕಾರಿ ಕಚೇರಿಯಲ್ಲಿ ನನ್ನಂಥ ಕೆಲವರನ್ನು ಸಾಕಿದ್ದಾರೆ. ಹೆಗಲಿಗೊಂದು ಚೀಲ, ಚೀಲದಲ್ಲೊಂದು ದಪ್ಪ ಪುಸ್ತಕ, ಕೈಯಲ್ಲೊಂದು ಟ್ಯಾಬು ಹಿಡಿದು ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲೂಕುಗಳನ್ನು ಸುತ್ತುತ್ತೇನೆ. ಅಂಗಡಿ, ಗಿರಣಿ, ಖಾನಾವಳಿ, ಕಾರ್ಖಾನೆ ಯಾವುದೇ ಇರಲಿ, ಒಳಗೆ ಹೋಗಿ, ‘ಇಲ್ಲಿ ಏನು ನಡೆಯುತ್ತದೆ?’ ಎಂದು ಕೇಳುತ್ತೇನೆ. ಪ್ರಶ್ನೆಯ ಧಾಟಿ ಪೊಲೀಸರದ್ದು, ಪಗಾರ ಮಾತ್ರ ಗುಮಾಸ್ತನದ್ದು. ನನ್ನ ಚೀಲ ಕಂಡ ಕೂಡಲೇ ಅರ್ಧ ಜನ ‘ಮಾಲಕರು ಊರಾಗಿಲ್ರಿ’ ಎನ್ನುತ್ತಾರೆ. ಹಾಗೆನ್ನುವವರೇ ಮಾಲಕರು ಎಂಬುದು ನನಗೆ ಅನುಭವದಿಂದ ತಿಳಿದಿದೆ.

ಪುಸ್ತಕ ಬಹಳ ಶಿಸ್ತಿನದು. ಬೆಳೆಯುವುದು ಒಂದು ಭಾಗ, ತಯಾರಿಸುವುದು ಇನ್ನೊಂದು, ಮಾರುವುದು ಮತ್ತೊಂದು, ಬಾಡಿಗೆಗೆ ಕೊಡುವುದು ಮಗದೊಂದು. ಪ್ರತಿ ಕಸುಬಿಗೂ ಒಂದೊಂದು ಸಂಖ್ಯೆ. ಕುರಿ ಸಾಕಿದರೆ ನೀವು ಮೊದಲಿನ ಪುಟಗಳಲ್ಲಿರುತ್ತೀರಿ. ಅದೇ ಕುರಿಯ ಉಣ್ಣೆಯಿಂದ ಕಂಬಳಿ ನೇಯ್ದರೆ ಬಟ್ಟೆಯ ಅಧ್ಯಾಯಕ್ಕೆ ಹೋಗುತ್ತೀರಿ. ಕಂಬಳಿಯನ್ನು ಅಂಗಡಿಯಲ್ಲಿಟ್ಟು ಮಾರಿದರೆ ವ್ಯಾಪಾರದ ಅಧ್ಯಾಯ. ನಾನು ತುಕ್ಕಾನಟ್ಟಿಯ ಕುರುಬರ ಮನೆಯವನು. ಊರಿನಲ್ಲಿ ಹೊಲ ಮತ್ತು ಕುರಿ ನೋಡಿಕೊಂಡಿರುವ ನನ್ನ ತಮ್ಮ ಯಲ್ಲಪ್ಪನಿಗೆ ಇದನ್ನೊಮ್ಮೆ ವಿವರಿಸಿದ್ದೆ. ಅವನು ಬಾಯಲ್ಲಿದ್ದ ಎಲೆಯಡಿಕೆಯನ್ನು ಹೊರಗೆ ಉಗುಳಿ ಬಂದು, ‘ಅಣ್ಣಾ, ಒಂದ ಕುರಿ ಮೂರ ಕಡೆ ಹೆಂಗ ಮೇಯ್ತೈತಿ?’ ಎಂದ. ನಾನು ನಕ್ಕೆ. ಸಂಬಳ ತರುವ ಅಣ್ಣ ಕುರಿ ಕಾಯುವ ತಮ್ಮನ ಮಾತಿಗೆ ನಗುವ ಒಂದು ರೀತಿ ಇರುತ್ತದಲ್ಲ, ಹಾಗೆ ನಕ್ಕೆ. ನಮ್ಮದು ಇನ್ನೂ ಹಿಸೆಯಾಗದ, ಆಸ್ತಿ ಪಾಲಾಗದ ಮನೆತನ. ಅದರಲ್ಲಿ ಸರ್ಕಾರಿ ನೌಕರಿ ಇರುವುದು ನನ್ನೊಬ್ಬನಿಗೆ. ಆದ್ದರಿಂದ ನಮ್ಮಲ್ಲಿ ಮುಖ್ಯ ಯಾವುದು, ಯಾರು ಎಂಬ ಪ್ರಶ್ನೆ ನನ್ನ ತಲೆಯಲ್ಲಿ ಎಂದೂ ಎದ್ದಿರಲಿಲ್ಲ. ಬರುವ ವರ್ಷ ನಿವೃತ್ತಿ ಎಂಬುದೊಂದನ್ನು ಬಿಟ್ಟರೆ ಬೇರೆ ಚಿಂತೆಯೂ ಇರಲಿಲ್ಲ.

ಪುಸ್ತಕದಲ್ಲಿರುವ ಶಿಸ್ತು ಬೀದಿಯಲ್ಲಿರುವುದಿಲ್ಲ. ಗೋಕಾಕದಲ್ಲಿ ಕರದಂಟಿನ ಅಂಗಡಿಗೆ ಹೋಗಿ ನೋಡಿ. ಹಿಂದಿನ ಕೋಣೆಯಲ್ಲಿ ಬೆಲ್ಲದ ಪಾಕ ಕುದಿಯುತ್ತಿರುತ್ತದೆ, ಮುಂದಿನ ಕೋಣೆಯಲ್ಲಿ ತೂಗಿ ಪೊಟ್ಟಣ ಕಟ್ಟುತ್ತಿರುತ್ತಾರೆ. ಇವನು ತಯಾರಕನೋ, ವ್ಯಾಪಾರಿಯೋ? ವಿಚಾರ ಮಾಡುತ್ತ ನಿಂತರೆ ರುಚಿ ನೋಡಲು ಒಂದು ತುಂಡು ಕೊಡುತ್ತಾರೆ, ವಿಚಾರ ಅಲ್ಲಿಗೇ ನಿಲ್ಲುತ್ತದೆ. ಹತ್ತರಗಿಯ ಹೆದ್ದಾರಿ ಬದಿಯಲ್ಲಿ ಇನ್ನೊಬ್ಬನಿದ್ದಾನೆ. ಪಂಕ್ಚರ್ ತೆಗೆಯುತ್ತಾನೆ, ಚಹಾ ಮಾಡುತ್ತಾನೆ, ಬೇಸಿಗೆಯಲ್ಲಿ ಕಬ್ಬಿನ ಹಾಲನ್ನೂ ಹಿಂಡುತ್ತಾನೆ. ‘ನಿಮ್ಮದು ಖರೆ ಯಾವ ಅಂಗಡಿ?’ ಎಂದು ಕೇಳಿದ್ದಕ್ಕೆ, ‘ಲಾರಿ ಗಾಲಿ ಒಡದ್ರ ಪಂಕ್ಚರ್ ಅಂಗಡಿ, ಡ್ರೈವರಗ ನಿದ್ದಿ ಬಂದ್ರ ಚಾದಂಗಡಿ. ನೀವ ಯಾವ ಹೊತ್ತಿನ್ಯಾಗ ಬಂದೀರಿ, ಅದನ್ನ ಬರಕೋರಿ’ ಎಂದ. ಹಾಗೆ ಬರೆದುಕೊಳ್ಳಲು ಬರುವುದಿಲ್ಲ. ಒಂದು ಜಾಗ, ಒಂದು ಉದ್ದಿಮೆ, ಒಂದು ಸಂಖ್ಯೆ ಎಂಬುದು ನಮ್ಮ ನಿಯಮ. ನಡೆಯುವ ಕೆಲಸಗಳಲ್ಲಿ ಹೆಚ್ಚು ಆದಾಯ ಯಾವುದರಿಂದ ಬರುತ್ತದೋ ಅದೇ ಮುಖ್ಯ, ಉಳಿದದ್ದೆಲ್ಲ ಉಪ. ಟ್ಯಾಬಿನಲ್ಲಿ ಮುಖ್ಯಕ್ಕೆ ಒಂದೇ ಒಂದು ಖಾನೆ ಇದೆ. ಅದನ್ನು ತುಂಬದಿದ್ದರೆ ಕೆಂಪು ಗುರುತೊಂದು ಮೂಡಿ ಮುಂದಿನ ಪುಟಕ್ಕೆ ಬಿಡದೆ ಅಡ್ಡ ನಿಲ್ಲುತ್ತದೆ.

ಆದರೆ ಆದಾಯವನ್ನು ಹೇಳುವವರು ಯಾರು? ಸರ್ಕಾರಿ ಚೀಲ ಹೊತ್ತವನ ಮುಂದೆ ನಮ್ಮ ಭಾಗದ ಯಾವ ವ್ಯಾಪಾರಿಗೂ ಲಾಭ ಆಗಿದ್ದೇ ಇಲ್ಲ. ‘ಏನ ಲಾಭ ಬಿಡ್ರಿ, ಮನ್ಯಾಗ ಕುಂತ್ರ ಬ್ಯಾಸರ ಆಕ್ಕೈತಿ ಅಂತ ಅಂಗಡಿ ತಗದೇವಿ’ ಎಂದುಬಿಡುತ್ತಾರೆ. ಹೀಗಾಗಿ ನಾನೊಂದು ಉಪಾಯ ಕಂಡುಕೊಂಡಿದ್ದೆ. ಹಣದ ಸುದ್ದಿಯನ್ನೇ ತೆಗೆಯದೆ, ಚಹಾ ಕುಡಿಯುತ್ತ, ಸಹಜವಾಗಿ, ‘ಈ ಎರಡರಾಗ ಒಂದ ಬಂದ್ ಮಾಡೂದಾದ್ರ ಯಾವದ ಮಾಡ್ತೀರಿ?’ ಎಂದು ಕೇಳುವುದು. ಮನುಷ್ಯ ಆದಾಯವನ್ನು ಮುಚ್ಚಿಡಬಹುದು, ಅಂಗಡಿ ಮುಚ್ಚುವ ಮಾತು ಬಂದಾಗ ಮಾತ್ರ ಸತ್ಯ ಬಾಯಿಗೆ ಬರುತ್ತದೆ. ಹತ್ತರಗಿಯವನೂ ಥಟ್ಟನೆ, ‘ಪಂಕ್ಚರ್ ಬಂದ್ ಮಾಡ್ತೇನ್ರಿ, ಚಾ ಬಿಡಾಂಗಿಲ್ಲ’ ಎಂದಿದ್ದ. ಕಚೇರಿಯಲ್ಲಿ ಹೊಸದಾಗಿ ಬಂದ ಹುಡುಗಿಯರಿಗೂ ಹುಡುಗರಿಗೂ ಈ ಉಪಾಯವನ್ನು ಕಲಿಸಿ ಬೀಗುತ್ತಿದ್ದೆ. ಇದರ ಹೆಮ್ಮೆ ಎಷ್ಟಿತ್ತೆಂದರೆ, ಮನೆಯಲ್ಲಿ ಹೆಂಡತಿ ಮಹಾದೇವಿಯ ಮುಂದೆಯೂ ಒಮ್ಮೆ ಹೇಳಿದೆ. ಆಕೆ, ‘ಸುದೈವ, ನನಗ ಇನ್ನೂ ಅದನ್ನ ಕೇಳಿಲ್ಲ ನೀವು’ ಎಂದಳು.

ಇಷ್ಟರಲ್ಲಿ ಮಗಳು ರೇಖಾಳ ನಿಶ್ಚಯ ಕಾರ್ಯ ಗೊತ್ತಾಯಿತು. ಬೀಗರು ಯಮಕನಮರಡಿಯವರು. ಗೋಕಾಕದ ನಮ್ಮ ಬಾಡಿಗೆ ಮನೆಯ ಮುಂದೆ ಒಂದು ಸ್ಕೂಟರ್ ನಿಲ್ಲಿಸಿದರೆ ಇನ್ನೊಂದನ್ನು ಹೊತ್ತುಕೊಂಡೇ ದಾಟಬೇಕು. ಹೀಗಾಗಿ ಕಾರ್ಯ ತುಕ್ಕಾನಟ್ಟಿಯಲ್ಲಿ, ಯಲ್ಲಪ್ಪನ ಅಂಗಳದಲ್ಲಿ ಎಂದಾಯಿತು. ಬೀಗರು ಬಹಳ ಸರಳ ಜನ, ಕೊಡುವ ತೆಗೆದುಕೊಳ್ಳುವ ಮಾತನ್ನೇ ಎತ್ತಲಿಲ್ಲ. ಒಂದೇ ಒಂದು ಮಾತು ಹೇಳಿದರು: ಹಿರಿಯರು ಗಾದಿಯ ಮೇಲೆ ಕುಳಿತು, ಲೋಡುದಿಂಬಿಗೆ ಒರಗಿಯೇ ಎಲೆಯಡಿಕೆ ಹಿಡಿಯಬೇಕು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು ಹೆಣ್ಣು ಗೊತ್ತು ಮಾಡಿಕೊಳ್ಳುವುದು ತಮ್ಮ ಮನೆತನದಲ್ಲಿಲ್ಲ. ‘ಅದೇನ ದೊಡ್ಡ ಮಾತ್ರಿ?’ ಎಂದು ನಾನು ಧಾರಾಳವಾಗಿ ಒಪ್ಪಿಕೊಂಡೆ.

ದೊಡ್ಡ ಮಾತಲ್ಲ ಎನ್ನಲು ಕಾರಣವಿತ್ತು. ಮೂಡಲಗಿಯಲ್ಲಿ ಅಣ್ಣತಮ್ಮಂದಿರ ಅಂಗಡಿಯೊಂದಿದೆ. ಅಣ್ಣ ದಸ್ತಗೀರ ಹತ್ತಿ ಹಿಂಜಿ ಗಾದಿ, ಲೋಡು, ತಲೆದಿಂಬು ಮಾಡುತ್ತಾನೆ. ಅದು ಅವರ ಅಪ್ಪನಿಂದ ಬಂದ ಕೆಲಸ. ಆಗ ಹಿಂಜಲು ಬಿಲ್ಲಿನಂಥ ಕಮಾನು ಇತ್ತು, ಈಗ ಮಷೀನು. ತಮ್ಮ ಮೆಹಬೂಬ ಶಾಮಿಯಾನ ಇಟ್ಟುಕೊಂಡು ಮದುವೆ ಮುಂಜಿಗಳಿಗೆ ಬಾಡಿಗೆ ಕೊಡುತ್ತಾನೆ. ಶಾಮಿಯಾನದ ಕೆಳಗೆ ಹಾಸುವ ಗಾದಿಗಳೆಲ್ಲ ಅಣ್ಣ ಮಾಡಿದವು. ಒಂದೇ ಬಾಗಿಲು, ಒಂದೇ ಲೈಟ್ ಮೀಟರು, ಒಂದೇ ಕಿಟ್ಲಿ ಚಹಾ. ನಡುವೆ ಗೋಡೆಗೆ ಒರಗಿ ಅವರ ಅಮ್ಮ ಗಾದಿಗೆ ಹಾಕುವ ಗವಸಣಿಗೆ ಹೊಲಿಯುತ್ತ ಕುಳಿತಿರುತ್ತಾರೆ. ನಮ್ಮ ತುಕ್ಕಾನಟ್ಟಿಯ ಎಷ್ಟೋ ಮದುವೆಗಳು ಈ ಅಂಗಡಿಯ ಗಾದಿಯ ಮೇಲೆಯೇ ಆಗಿವೆ. ಆ ಅಂಗಡಿ ಈ ಸಲದ ಗಣತಿಯಲ್ಲಿ ನನ್ನ ಪಾಲಿಗೇ ಬಂದಿತ್ತು. ಒಂದೇ ಓಡಾಟದಲ್ಲಿ ಸರ್ಕಾರದ ಕೆಲಸವೂ ಆಯಿತು, ಮನೆಯ ಕೆಲಸವೂ ಆಯಿತು ಎಂದುಕೊಂಡು ಹೊರಟೆ. ನಿಶ್ಚಯಕ್ಕೆ ಆಗ ಇನ್ನೊಂದು ವಾರವಿತ್ತು.

ಮೊದಲು ಶಾಮಿಯಾನ, ಗಾದಿ, ಲೋಡು ಎಲ್ಲ ಹೇಳಿ ಮುಗಿಸಿದೆ. ಚಹಾ ಬಂತು. ಟ್ಯಾಬು ತೆಗೆದೆ. ‘ನಮ್ಮದು ಗಾದಿ ಅಂಗಡಿ ಅಂತ ಬರಕೋರಿ ಸಾಹೇಬ್ರ’ ಎಂದ ದಸ್ತಗೀರ. ‘ಗಾದಿ ಐತಿ, ಜೋಡಿ ಪೆಂಡಾಲನೂ ಐತ್ರಿ’ ಎಂದ ಮೆಹಬೂಬ. ಪುಸ್ತಕ ತೆರೆದರೆ ಗಾದಿ ತಯಾರಿಕೆ ಮೇಜು ಕುರ್ಚಿಗಳ ಪಕ್ಕದಲ್ಲಿ ಮಲಗಿತ್ತು, ಶಾಮಿಯಾನ ಅದೆಷ್ಟೋ ಪುಟ ದಾಟಿ ಬಾಡಿಗೆಯ ಅಧ್ಯಾಯದಲ್ಲಿ ನಿಂತಿತ್ತು. ಆದಾಯ ಯಾವುದರಲ್ಲಿ ಹೆಚ್ಚು ಎಂದರೆ ಇಬ್ಬರೂ ಒಂದೇ ದನಿಯಲ್ಲಿ ‘ಎಲ್ಲೀ ಆದಾಯ?’ ಎಂದರು. ಸರಿ, ನನ್ನ ಉಪಾಯ ತೆಗೆದೆ. ಬಸಿಯಲ್ಲಿ ಉಳಿದ ಚಹಾ ಹೀರುತ್ತ, ‘ಎರಡರಾಗ ಒಂದ ಬಂದ್ ಮಾಡೂದಾದ್ರ ಯಾವದ ಮಾಡ್ತೀರಿ?’ ಎಂದೆ.

‘ಪೆಂಡಾಲ’ ಎಂದ ಅಣ್ಣ. ‘ಗಾದಿ’ ಎಂದ ತಮ್ಮ. ಎರಡೂ ಮಾತು ಒಟ್ಟಿಗೇ ಬಂದವು.

ಅಣ್ಣ ಹಿಂಜುವ ಮಷೀನು ನಿಲ್ಲಿಸಿದ. ‘ಏನಂದಿ?’ ಎಂದ ದಸ್ತಗೀರ. ‘ನೀ ಏನಂದಿ?’ ಎಂದ ಮೆಹಬೂಬ. ‘ಅಪ್ಪನ ಕಸಬ ಬಂದ್ ಮಾಡ್ತಿ?’ ‘ನಾ ಬಿಸಲಾಗ ಗೂಟ ಬಡದ ಕಟ್ಟಿದ್ದ ನಿನಗ ಹೆಚ್ಚಾತು?’ ಅಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ‘ಯಾರ ಏನ ಬಂದ್ ಮಾಡಾಕತ್ತಾರ?’ ಎಂದು ಗಾಬರಿಯಿಂದ ಕೇಳಿದರು. ‘ಯಾರೂ ಏನೂ ಇಲ್ರಿ ಅಮ್ಮಾ, ಇದು ಬರೇ ಲೆಕ್ಕಕ್ಕ’ ಎಂದೆ. ಬರೀ ಲೆಕ್ಕಕ್ಕೆಂದು ಕೇಳಿದ ಮಾತೇ ಮನೆ ಮುರಿಯುವುದು ಎಂದು ನಮ್ಮ ಪುಸ್ತಕದಲ್ಲಿ ಎಲ್ಲೂ ಬರೆದಿಲ್ಲ.

ಅಲ್ಲಿಗೆ ಎದ್ದು ಬಂದಿದ್ದರೆ ಎಲ್ಲವೂ ತಣ್ಣಗಾಗುತ್ತಿತ್ತೋ ಏನೋ. ಆದರೆ ನನಗೆ ಸಮಾಧಾನ ಮಾಡುವ ಚಟ. ದಸ್ತಗೀರನನ್ನು ಬಾಜೂಕ್ಕೆ ಕರೆದು ಮೆಲ್ಲಗೆ, ‘ನಿಂದ ಮುಖ್ಯಪಾ, ತಯಾರಿಕಿ ಅಂದ್ರ ತಯಾರಿಕಿ. ಮನಸ್ಸಿಗೆ ಹಚ್ಕೋಬ್ಯಾಡ’ ಎಂದೆ. ಗಾಡಿ ಹತ್ತುವಾಗ ಮೆಹಬೂಬ ಬಂದ. ಅವನ ಮುಖ ನೋಡಿ ಅಯ್ಯೋ ಎನ್ನಿಸಿತು. ‘ನಿಂದ ಮುಖ್ಯೋ ತಮ್ಮಾ, ಈಗ ಎಲ್ಲಾ ಕಡೆ ಸೇವಾ ಕ್ಷೇತ್ರದ್ದ ಜಮಾನಾ’ ಎಂದು ಅವನ ಬೆನ್ನು ತಟ್ಟಿದೆ. ಇಬ್ಬರೂ ಖುಷಿಯಾದರು. ಒಂದೇ ಸೂರಿನ ಕೆಳಗಿರುವ ಅಣ್ಣತಮ್ಮಂದಿರು ಮಾರನೆಯ ದಿನವೂ ಪರಸ್ಪರ ಮಾತಾಡುತ್ತಾರೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಮಾರನೆಯ ದಿನ ಮಧ್ಯಾಹ್ನ ಊಟಕ್ಕೆ ಕುಳಿತಿದ್ದಾಗ ಮೆಹಬೂಬನ ಫೋನು ಬಂತು. ‘ಸಾಹೇಬ್ರ, ಪೆಂಡಾಲ ಬರ್ತೈತ್ರಿ. ಗಾದಿ ಮಾತ್ರ ನಮ್ಮ ಕಡೆ ಇಲ್ಲ. ಗಾದಿ ಬ್ಯಾರೇ ಅಂಗಡಿ.’ ತುತ್ತು ಕೆಳಗಿಟ್ಟು ದಸ್ತಗೀರನಿಗೆ ಫೋನು ಹಚ್ಚಿದೆ. ಅವನು ನನಗಿಂತ ಶಾಂತವಾಗಿ, ‘ನಾ ತಯಾರಿಕಿಯಾಂವ ಅಂತ ನೀವ ಹೇಳೀರಲ್ರಿ. ನಾ ಬಾಡಗಿ ಕೊಡಾಂವ ಅಲ್ಲ. ಗಾದಿ ಬೇಕಂದ್ರ ಖರೀದಿ ಮಾಡ್ರಿ’ ಎಂದ. ಅಷ್ಟೊಂದು ಗಾದಿ ಖರೀದಿ ಮಾಡಿದರೆ ಕಾರ್ಯವಾದ ಮೇಲೆ ನಾನೇ ಅಂಗಡಿ ಇಡಬೇಕಾಗುತ್ತಿತ್ತು, ಆಗ ನನಗೊಂದು ಸಂಖ್ಯೆ ಹುಡುಕಬೇಕಾಗುತ್ತಿತ್ತು. ಬಡಿಸುತ್ತ ನಿಂತಿದ್ದ ಮಹಾದೇವಿ ಎಲ್ಲ ಕೇಳಿಸಿಕೊಂಡಿದ್ದಳು. ಪಲ್ಯದ ಬೋಗುಣಿಯನ್ನು ನೆಲಕ್ಕೆ ಕುಕ್ಕಿ, ‘ಏನ್ರಿ, ಗಣತಿ ಮಾಡಾಕ ಹೋಗಿ ಹಿಸೆ ಮಾಡಿ ಬಂದೀರೇನು?’ ಎಂದಳು. ‘ಬೀಗರು ಕೇಳಿದ್ದ ಒಂದ ಮಾತು. ಅದನ್ನೂ ನಡಸಿಕೊಡಾಕ ಆಗಲಿಲ್ಲಂದ್ರ ನನ್ನ ಮಗಳು ನಾಳೆ ಆ ಮನ್ಯಾಗ ಹೆಂಗ ತಲಿ ಎತ್ತತಾಳ? ಗಾದಿ ಬರೂತನಕ ನಿಮಗೂ ಗಾದಿ ಇಲ್ಲ ನೋಡ್ರಿ, ಚಾಪಿ ಮ್ಯಾಲ ಮಲಗ್ರಿ.’ ಹಾಗೆಂದವಳು ಮಾತಿನಂತೆ ನಡೆದಳು. ಈ ವಯಸ್ಸಿನಲ್ಲಿ ಚಾಪೆ ಸೊಂಟಕ್ಕೆ ಏನು ಮಾಡುತ್ತದೆ ಎಂಬುದನ್ನು ಅನುಭವಿಸಿದವರಿಗೆ ವಿವರಿಸಬೇಕಾಗಿಲ್ಲ. ಗೋಕಾಕದಲ್ಲಿ ಬೇರೆ ಅಂಗಡಿ ವಿಚಾರಿಸಿದೆ. ಲಗ್ನದ ಹಂಗಾಮು, ಎಲ್ಲ ಗಾದಿಗಳೂ ಯಾರದೋ ಮನೆಯ ಬೀಗರ ಕೆಳಗಿದ್ದವು.

ನಿಶ್ಚಯ ಇನ್ನೇನು ನಾಡಿದ್ದು ಎನ್ನುವಾಗ ಸೊಂಟ ಹಿಡಿದುಕೊಂಡು ಮತ್ತೆ ಮೂಡಲಗಿಗೆ ಹೋದೆ. ಅಂಗಡಿಯ ನಡುವೆ ಮೇಲಿಂದ ಅಡ್ಡಗೋಡೆಯಂತೆ ಒಂದು ತಾಡಪತ್ರಿ ಇಳಿಬಿಟ್ಟಿದ್ದರು. ಈಚೆ ಹತ್ತಿ, ಆಚೆ ಶಾಮಿಯಾನದ ಬಟ್ಟೆ. ಅದು ನೆಲ ಮುಟ್ಟಬೇಕಾದ ಜಾಗದಲ್ಲಿ ಅಮ್ಮ ಕುಳಿತಿದ್ದರು. ಅವರು ಏಳಲಿಲ್ಲವಂತೆ, ಹಾಗಾಗಿ ತಾಡಪತ್ರಿ ಅವರ ಹೆಗಲ ಮೇಲೆ ಮಡಚಿಕೊಂಡು ನಿಂತಿತ್ತು. ನನ್ನನ್ನು ಕಂಡು ಅವರು ಬಯ್ಯಲಿಲ್ಲ. ‘ಸಾಹೇಬ್ರ, ನೀವ ಬಂದ ಹೋದಾಗಿಂದ ಇಬ್ಬರೂ ಬ್ಯಾರೇ ಬ್ಯಾರೇ ಚಾ ತರಸ್ತಾರ. ಯಾರ ಚಾ ಕುಡದ್ರ ಯಾರಿಗಿ ಸಿಟ್ಟ ಬರ್ತೈತೋ ಅಂತ ನಾ ಚಾನ ಬಿಟ್ಟೇನಿ’ ಎಂದರು. ನನಗೆ ನಿಜಕ್ಕೂ ಸಂಕಟವಾಯಿತು. ಅಲ್ಲಿಯವರೆಗೆ ನನಗಿದ್ದದ್ದು ನನ್ನ ಗಾದಿಯ ಚಿಂತೆ. ಈ ಮಾತು ಕೇಳಿದ ಮೇಲೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ ಮಾರಲೆಂದು ಹೊರಗೆ ತೂಗುಹಾಕಿದ್ದ ಚಾಪೆ, ಸೊಳ್ಳೆಪರದೆಗಳನ್ನು ನೋಡುತ್ತ ನಿಂತೆ.

ಪುಸ್ತಕ ತೆಗೆದು ನಿಯಮವನ್ನು ಓದಿ ಹೇಳಿದೆ. ಮುಖ್ಯ ಎಂದರೆ ದೊಡ್ಡವನು ಎಂದಲ್ಲ, ಉಪ ಎಂದರೆ ಸಣ್ಣವನು ಎಂದಲ್ಲ, ಇದು ದೇಶದಲ್ಲಿ ಯಾವ ಕೆಲಸ ಎಷ್ಟು ನಡೆದಿದೆ ಎಂದು ತಿಳಿಯಲಿಕ್ಕಷ್ಟೇ ಎಂದೆ. ‘ಹಂಗಾದ್ರ ಮುಖ್ಯ ಅಂತ ನನ್ನದ ಬರೀರಿ’ ಎಂದ ಅಣ್ಣ. ‘ನನ್ನದ ಬರೀರಿ’ ಎಂದಿತು ತಾಡಪತ್ರಿಯ ಆಚೆಯ ದನಿ. ಟ್ಯಾಬಿನಲ್ಲಿ ಕೆಂಪು ಗುರುತು ಹಾಗೇ ಇತ್ತು. ಅಷ್ಟರಲ್ಲಿ ಒಬ್ಬಳು ಹೆಣ್ಣುಮಗಳು ಬಂದು ಚಾಪೆ ಕೊಂಡು ಹೋದಳು. ಅವಳ ಹಿಂದೆಯೇ ಒಬ್ಬ ಮುದುಕ ಬಂದು ಸೊಳ್ಳೆಪರದೆ ಒಯ್ದ. ನಾನು ನೋಡುತ್ತ ನಿಂತಂತೆಯೇ ಇನ್ನೊಬ್ಬರು ಚಾಪೆಗೆ ಬಂದರು. ನನಗೆ ಥಟ್ಟನೆ ಹೊಳೆಯಿತು. ಗಾದಿ ತಿಂಗಳಿಗಿಷ್ಟು, ಶಾಮಿಯಾನ ಹಂಗಾಮಿಗಿಷ್ಟು, ಆದರೆ ಹೊರಗಿನಿಂದ ತಂದು ತೂಗುಹಾಕಿದ ಈ ಚಾಪೆ, ಪರದೆ ದಿನವೂ ಹೋಗುತ್ತವೆ. ‘ಆತು ಬಿಡ್ರಿ, ನಿಮ್ಮಿಬ್ಬರದೂ ಬ್ಯಾಡ. ಚಿಲ್ಲರಿ ಮಾರಾಟ ಅಂತ ಹಾಕ್ತೇನಿ. ಚಾಪಿ ಅಂಗಡಿ’ ಎಂದೆ.

ತಾಡಪತ್ರಿಯ ಎರಡೂ ಕಡೆಯಿಂದ ಇಬ್ಬರೂ ಎದ್ದು ಬಂದರು. ‘ಚಾಪಿ ಅಂಗಡೀ?’ ಎಂದ ದಸ್ತಗೀರ. ‘ಮಂದಿ ಮಾಡಿದ್ದನ್ನ ತಂದು ಮಾರಾವ್ರು ಅಂತ ನಮ್ಮನ್ನ ಬರೀತೀರಿ?’ ಮೆಹಬೂಬ ನನ್ನ ಟ್ಯಾಬಿನ ಮೇಲೆ ಕೈ ಅಡ್ಡ ಹಿಡಿದು, ‘ನಮ್ಮಣ್ಣನ ಗಾದಿ ಮ್ಯಾಲ ಕುಂತು ಈ ತಾಲೂಕಿನ ಅರ್ಧ ಮಂದಿ ಲಗ್ನ ಆಗ್ಯಾರ್ರಿ! ಒಂದ ಗಂಟ ಸಿಗಂಗಿಲ್ಲ ಹತ್ತಿಯೊಳಗ. ಅಂಥಾ ಮನಶ್ಯಾನ ಚಾಪಿ ಮಾರಾಂವ ಅಂತೀರಿ?’ ಎಂದ. ದಸ್ತಗೀರ ತಮ್ಮನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ ನನ್ನ ಕಡೆ ತಿರುಗಿ, ‘ಇಂವ ಕಟ್ಟಿದ ಪೆಂಡಾಲ ಗಾಳಿಗಿ ಬಿದ್ದದ್ದ ಎಂದಾರ ಕೇಳೀರೇನ್ರಿ? ಚಾಪಿ ಅಂತ, ಚಾಪಿ! ತಗೀರಿ ಅದನ್ನ’ ಎಂದು ಗುಡುಗಿದ. ಬೀದಿಯ ಜನ ನಿಂತು ನೋಡತೊಡಗಿದರು. ಸರ್ಕಾರ ತಮ್ಮ ಮನೆತನವನ್ನು ಹೇಗೆ ಕೆಳಗಿಳಿಸಲು ಬಂದಿದೆ ಎಂದು ಇಬ್ಬರೂ ಕೂಡಿ ಅವರಿಗೆ ವಿವರಿಸಿದರು. ಅಮ್ಮ ಹೆಗಲ ಮೇಲಿನ ತಾಡಪತ್ರಿಯನ್ನು ಜಗ್ಗಿ ಕೆಳಗೆ ಕೆಡವಿ, ಎದುರಿನ ಹೋಟೆಲಿನ ಕಡೆ ಮುಖ ಮಾಡಿ, ‘ಒಂದ ಕಿಟ್ಲಿ ಚಾ ಕಳಸ್ರಿ’ ಎಂದು ಕೂಗಿದರು. ನನಗೆ ಚಹಾ ಕೊಡಲಿಲ್ಲ. ಗಾದಿ ಕೊಡುತ್ತೇವೆ ಎಂದರು, ಅದೂ ನನ್ನ ಮಗಳ ಮುಖ ನೋಡಿ.

ಮನೆಗೆ ಬಂದು, ಇದೆಲ್ಲ ನಾನು ಬೇಕೆಂದೇ ಹೂಡಿದ ತಂತ್ರ ಎಂದು ಮಹಾದೇವಿಗೆ ಹೇಳಿದೆ. ಆಕೆ ನಂಬಲಿಲ್ಲ, ಆದರೆ ನನ್ನ ಗಾದಿಯನ್ನು ವಾಪಸು ಕೊಟ್ಟಳು. ಕೊನೆಗೆ ಆ ಖಾನೆಯಲ್ಲಿ ಯಾವ ಸಂಖ್ಯೆ ಹಾಕಿದೆ ಎಂದು ನೀವು ಕೇಳಬಹುದು. ಹೇಳುವುದಿಲ್ಲ. ಒಬ್ಬರ ಮಾಹಿತಿಯನ್ನು ಇನ್ನೊಬ್ಬರಿಗೆ ತಿಳಿಸಬಾರದೆಂದು ನಮಗೆ ನಿಯಮವಿದೆ. ಅದಲ್ಲದೆ ಮೂಡಲಗಿಯಲ್ಲಿ ಇದನ್ನು ಓದುವವರೂ ಇದ್ದಾರೆ.

ನಿಶ್ಚಯದ ದಿನ ಯಲ್ಲಪ್ಪನ ಅಂಗಳ ನೋಡಲು ಚಂದವಿತ್ತು. ಮೇಲೆ ಶಾಮಿಯಾನ, ಕೆಳಗೆ ಸಾಲಾಗಿ ಬಿಳಿಯ ಗವಸಣಿಗೆಯ ಗಾದಿ, ಗೋಡೆಯುದ್ದಕ್ಕೂ ಲೋಡು. ಅಣ್ಣತಮ್ಮಂದಿರಿಬ್ಬರೂ ತಾವೇ ಬಂದು ಹಾಸಿ ಕಟ್ಟಿದ್ದರು. ಬೀಗರು ಬಂದು ಕಾಲು ಚಾಚಿ ಕುಳಿತರು. ಅವರ ಕಡೆಯ ಒಬ್ಬ ಹಿರಿಯರು, ಲಾರಿ ಇಟ್ಟುಕೊಂಡವರು, ಗಾದಿಯನ್ನು ಕೈಯಿಂದ ಒತ್ತಿ ನೋಡಿ ತಲೆದೂಗಿದರು. ಮಹಾದೇವಿ ಬಾಗಿಲ ಮರೆಯಿಂದ ನನ್ನನ್ನು ನೋಡಿದಳು. ಬಹಳ ದಿನಗಳ ಮೇಲೆ ಅದು ಹೆಂಡತಿಯ ನೋಟದಂತಿತ್ತು. ನಾನೂ ಸೊಂಟವನ್ನು ಲೋಡಿಗೆ ಆನಿಸಿ, ಹೆಣ್ಣಿನ ತಂದೆಗೆ ಸಲ್ಲುವ ಗಾಂಭೀರ್ಯ ತಂದುಕೊಂಡೆ. ಎಲೆಯಡಿಕೆಯ ತಟ್ಟೆ ಬಂತು. ಲಾರಿಯ ಹಿರಿಯರು ಯಲ್ಲಪ್ಪನ ಕಡೆ ತಿರುಗಿ, ಮಾತಿಗೆ ಮಾತೆಂಬಂತೆ, ‘ನಿಮ್ಮ ಮನೆತನದ್ದು ಮುಖ್ಯ ಏನ್ರಿ?’ ಎಂದರು.

‘ಹೊಲಾ, ಕುರಿ ರೀ’ ಎಂದ ಯಲ್ಲಪ್ಪ. ‘ಬಾಜೂಕ ನಮ್ಮಣ್ಣಂದು ಗೋಕಾಕದಾಗ ಒಂದ ನೌಕರಿ ಐತಿ.’

ಬಾಜೂಕ! ಪಕ್ಕಕ್ಕೆ ಎಂದರೆ ನಮ್ಮ ಪುಸ್ತಕದ ಭಾಷೆಯಲ್ಲಿ ಉಪ. ಮೂರು ತಾಲೂಕಿನ ಕಸುಬುಗಳನ್ನು ಮುಖ್ಯ, ಉಪ ಎಂದು ವಿಂಗಡಿಸುತ್ತ ತಲೆ ಬೋಳಾದ ನನ್ನನ್ನು ನನ್ನ ಸ್ವಂತ ತಮ್ಮ ಕುರಿಗಳ ಬಾಜೂಕ್ಕೆ ಇಟ್ಟಿದ್ದ. ಅದರಲ್ಲಿ ಸಿಟ್ಟಿರಲಿಲ್ಲ, ಕುಹಕವಿರಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದವನ ಹಾಗೆ ಹೇಳಿದ್ದ. ಹೊಲದ ಬೋರಿಗೆ ಹಣ ಎಲ್ಲಿಂದ ಬಂತು, ಮನೆಗೆ ಹೆಂಚು ಎಲ್ಲಿಂದ ಬಂತು ಎಂದು ಶುರುಮಾಡಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಶಾಮಿಯಾನದ ಗೂಟದ ಹತ್ತಿರ ಹಗ್ಗ ಬಿಗಿಯುತ್ತಿದ್ದ ದಸ್ತಗೀರ ತಮ್ಮನ ಕಡೆ ಕಣ್ಣು ಹೊಡೆದು, ಎಲ್ಲರಿಗೂ ಕೇಳುವಂತೆ, ‘ಸಾಹೇಬ್ರ, ಎರಡರಾಗ ಒಂದ ಬಂದ್ ಮಾಡೂದಾದ್ರ ಯಾವದ ಮಾಡ್ತೀರಿ?’ ಎಂದ.

ಬೀಗರು ಕುತೂಹಲದಿಂದ ನನ್ನನ್ನು ನೋಡಿದರು. ನಾನು ಗಂಟಲು ಸರಿಪಡಿಸಿಕೊಂಡೆ. ಮನೆತನಕ್ಕೆ ಎರಡೂ ಕಣ್ಣಿದ್ದಂತೆ ಎಂದೇನೋ ಹೇಳುವವನಿದ್ದೆ. ಯಲ್ಲಪ್ಪ ಎಲೆಗೆ ಸುಣ್ಣ ಸವರುತ್ತ, ತಲೆಯನ್ನೂ ಎತ್ತದೆ, ‘ಅದರಾಗ ವಿಚಾರ ಮಾಡೂದ ಏನೈತಿ? ನೌಕರಿ ಬರೂ ವರ್ಷ ತಾನ ಬಂದ್ ಆಗ್ತೈತಿ. ಆಮ್ಯಾಲ ಅಣ್ಣಗ ಕುರಿ ಕಾಯೂದ ಕಲಸಬೇಕ’ ಎಂದ.

ಎಲ್ಲರೂ ನಕ್ಕರು, ಬಾಗಿಲ ಮರೆಯಿಂದಲೂ ನಗು ಕೇಳಿಸಿತು. ನಾನು ತೆರೆದ ಬಾಯಿಗೆ ಎಲೆಯಡಿಕೆ ಹಾಕಿಕೊಂಡೆ. ಪುಸ್ತಕವನ್ನು ಆ ದಿನ ಮನೆಯಲ್ಲೇ ಬಿಟ್ಟು ಬಂದಿದ್ದೆ. ಆದರೂ ಕುರಿ ಸಾಕಣೆಯ ಸಂಖ್ಯೆ ನನಗೆ ಬಾಯಿಪಾಠವಿತ್ತು.